‘ಲಸಿಕೆ ಬೇಡ’ ಎನ್ನುವ ಹಕ್ಕು ನಮಗಿಲ್ಲವೇ?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕು. ಮೊದಲ ಚುಚ್ಚುಮದ್ದು ಹಾಕಿಸಿದಾಗ ಮಗುವಿಗೆ ಎರಡು ದಿನ ಜ್ವರ ಬಂದಿತ್ತು. ಇನ್ನು ಸಾಕು ಎನ್ನುತ್ತಾರೆ ಮನೆಯ ಹಿರಿಯರು. ಆಶಾ ಕಾರ್ಯಕರ್ತೆ ಬಿಡುತ್ತಿಲ್ಲ. ಹಾಕಿಸುವುದು, ಬಿಡುವುದು ನಮ್ಮ ಇಷ್ಟವಲ್ಲವೇ?

ಉತ್ತರ: ಹಿಡಿದು ಕೂರಿಸಿ ಸೂಜಿ ಚುಚ್ಚುವಂತಿಲ್ಲ. ಕೋವಿಡ್ ಲಸಿಕೆಗೆ ಸಂಬಂಧಿಸಿದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಇದನ್ನು ಸ್ಪಷ್ಟವಾಗಿ ಹೇಳಿದೆ: ನಮ್ಮ ದೇಹದ ಮೇಲೆ ನಮಗಿರುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ, ಬಲವಂತದ ಲಸಿಕೆ ಸಲ್ಲದು. ಶಾಲೆಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕುವ ಮೊದಲು ಪೋಷಕರಿಗೆ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕೆಂದು ದೆಹಲಿ ಹೈಕೋರ್ಟ್ 2019ರಲ್ಲಿ ಹೇಳಿತ್ತು.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದು ಸುಪ್ರೀಂ ಕೋರ್ಟ್ ತೀರ್ಪಿನ ಇಷ್ಟು ಭಾಗ ಮಾತ್ರ. ಜನರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹಾಕಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಆದರೆ ಆ ನಿರ್ಬಂಧಕ್ಕೆ ಕಾನೂನಿನ ಆಧಾರವಿರಬೇಕು, ನಿಜವಾದ ಅಗತ್ಯವಿರಬೇಕು, ಅದು ಅಗತ್ಯವನ್ನು ಮೀರಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯ 2017ರ ತೀರ್ಪಿನಿಂದ ಬಂದ ಅಳತೆಗೋಲು ಇದು. ಲಸಿಕೆ ಪಡೆಯದವರಿಂದಲೇ ಸೋಂಕು ಹೆಚ್ಚು ಹರಡುತ್ತದೆ ಎಂಬುದಕ್ಕೆ ಸರ್ಕಾರಗಳು ಅಂಕಿಅಂಶ ಕೊಡಲಿಲ್ಲವಾದ್ದರಿಂದ, ಅವರ ಓಡಾಟಕ್ಕೆ ಆಗ ಹಾಕಿದ್ದ ತಡೆಗಳನ್ನು ನ್ಯಾಯಾಲಯ ಒಪ್ಪಲಿಲ್ಲ. ಅಂಕಿಅಂಶ ಬೇರೆಯಾಗಿದ್ದರೆ ತೀರ್ಪೂ ಬೇರೆಯಾಗಬಹುದಿತ್ತು ಎಂಬುದು ನನ್ನ ಓದು.

ಹಾಗಾಗಿ ಯಾವ ರೋಗ ಎಂದು ಮೊದಲು ಕೇಳಬೇಕು. ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಾಣು ಗಾಯದ ಮೂಲಕ ಒಳಗೆ ಹೋಗುತ್ತದೆ. ಅದರ ಲಸಿಕೆ ಬೇಡವೆಂದರೆ ಅಪಾಯ ನಿಮ್ಮ ಮಗುವಿಗಷ್ಟೇ, ಆ ಅಪಾಯವೇನೂ ಸಣ್ಣದಲ್ಲ. ದಡಾರ ಹಾಗಲ್ಲ. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಅದು ತಗಲಬಲ್ಲದು. ಅದನ್ನು ತಡೆಯಲು ನೂರರಲ್ಲಿ 95 ಜನರಿಗಾದರೂ ರಕ್ಷಣೆ ಇರಬೇಕು. ಮೊದಲ ಡೋಸ್ ಕೊಡುವುದೇ ಒಂಬತ್ತು ತಿಂಗಳಿಗೆ. ನಿಮ್ಮ ಪಕ್ಕದ ಮನೆಯಲ್ಲಿ ಆರು ತಿಂಗಳ ಕೂಸಿದ್ದರೆ, ಅದಕ್ಕೆ ಬೇಕು ಅಥವಾ ಬೇಡ ಎನ್ನುವ ಅವಕಾಶವೇ ಬಂದಿಲ್ಲ. ನಿಮ್ಮ ‘ಬೇಡ’ ಅದರ ತೊಟ್ಟಿಲನ್ನೂ ಮುಟ್ಟುತ್ತದೆ.

ಲಸಿಕೆಯೇ ಇಲ್ಲದ ಕಾಲ ಹೇಗಿರುತ್ತದೆ ಎಂಬುದನ್ನು ಕಲಬುರಗಿಗೆ ಬೇರೆಯವರು ಹೇಳಬೇಕಿಲ್ಲ. ಕೋವಿಡ್‌ನಿಂದ ದೇಶದ ಮೊದಲ ಸಾವು ಎಂದು ದಾಖಲಾದದ್ದು 2020ರ ಮಾರ್ಚ್ 10ರಂದು ತೀರಿಕೊಂಡ ಈ ಊರಿನ ಹಿರಿಯರದ್ದು. ಆಮೇಲೆ ಶಾಲೆ, ಸಂತೆ, ಬಸ್ಸು ಎಲ್ಲವೂ ನಿಂತವು. ಅಂದು ಕಳೆದುಕೊಂಡದ್ದೂ ಸ್ವಾತಂತ್ರ್ಯವೇ.

ಇಷ್ಟು ಹೇಳಿದ ಮೇಲೂ, ನಮ್ಮ ಕಡೆ ‘ಬೇಡ’ ಎನ್ನುವವರಿಗಿಂತ ಸಿಗದೇ ಹೋದವರ ಬಗ್ಗೆ ನನಗೆ ಹೆಚ್ಚು ಚಿಂತೆ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ತಾಂಡಾದಿಂದ ಬಂದ ತಾಯಿಗೆ ‘ಇನ್ನೂ ನಾಲ್ಕು ಮಕ್ಕಳು ಬರಲಿ, ಸೀಸೆ ಒಡೆಯುತ್ತೇವೆ’ ಎನ್ನುತ್ತಾರೆ. ಕಾರಣವಿಲ್ಲದೆ ಅಲ್ಲ: ಒಂದು ಸೀಸೆಯಲ್ಲಿ ಹಲವು ಡೋಸ್ ಇರುತ್ತವೆ, ದಡಾರದ ಲಸಿಕೆಯನ್ನು ಕಲಸಿದ ಮೇಲೆ ನಾಲ್ಕೇ ಗಂಟೆಯಲ್ಲಿ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಆದರೂ ಆಕೆ ಮುಂದಿನ ಗುರುವಾರ ಬರುತ್ತಾಳೆಂಬ ಭರವಸೆ ಇಲ್ಲ. ಅಷ್ಟರಲ್ಲಿ ಸಂಸಾರವೇ ಪುಣೆಗೋ ಮುಂಬೈಗೋ ಗುಳೆ ಹೋಗಿರಬಹುದು. ಇಂಥವರಿಗೆ ದಂಡ, ನಿರ್ಬಂಧ ಎಂದು ಹೆದರಿಸುವುದು ಅನ್ಯಾಯ. ಎರಡು ಡೋಸ್ ವ್ಯರ್ಥವಾದರೂ ಸರಿ, ಸೀಸೆ ಒಡೆಯಲಿ.

ಇನ್ನು ನಿಮ್ಮ ಮಗುವಿನ ವಿಷಯ. ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ) ಚುಚ್ಚುಮದ್ದಿನ ನಂತರ ಒಂದೆರಡು ದಿನ ಜ್ವರ ಬರುವುದು, ತೊಡೆ ಬಾತುಕೊಳ್ಳುವುದು ಸಾಮಾನ್ಯ. ಆದರೆ ಕಳೆದ ಬಾರಿ ಜ್ವರ ತೀರಾ ಏರಿತ್ತೇ, ಫಿಟ್ಸ್ ಬಂದಿತ್ತೇ, ಮಗು ಗಂಟೆಗಟ್ಟಲೆ ಬಿಡದೆ ಅತ್ತಿತ್ತೇ? ಹಾಗಾಗಿದ್ದರೆ ಮುಂದಿನ ಡೋಸ್‌ಗೆ ಮೊದಲೇ ವೈದ್ಯರಿಗೆ ತಿಳಿಸಿ. ಸೀಸೆ ತೋರಿಸಿ ಎಂದು ಸಿಸ್ಟರ್‌ನ್ನು ಕೇಳಲು ಸಂಕೋಚ ಬೇಡ. ಅದರ ಮೇಲೊಂದು ಬಣ್ಣದ ವೃತ್ತ, ವೃತ್ತದೊಳಗೆ ಚಿಕ್ಕ ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿರಬೇಕು. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ ಲಸಿಕೆ ಶಾಖಕ್ಕೆ ಕೆಟ್ಟಿದೆ ಎಂದರ್ಥ, ಅದನ್ನು ಖಂಡಿತ ಬೇಡವೆನ್ನಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ, ತಾಯಿ ಕಾರ್ಡಿನಲ್ಲಿ ದಿನಾಂಕ ಬರೆಸಿಕೊಳ್ಳಿ. ಜ್ವರದ ಔಷಧಿ ಮಗುವಿನ ತೂಕಕ್ಕೆ ಎಷ್ಟು ಹನಿ ಎಂಬುದನ್ನು ಅಲ್ಲಿಯೇ ಕೇಳಿಕೊಂಡು ಬನ್ನಿ.