ನ್ಯೂ ಮೆಕ್ಸಿಕೊ ರಾಜ್ಯದ ಅಧಿಕೃತ ಲಾಂಛನಗಳು: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ರಾಜ್ಯಗಳ ಲಾಂಛನಗಳನ್ನು ಓದಲು ಹೊರಟವರ ಕೈಗೆ ಮೊದಲು ಸಿಗುವುದು ಒಂದು ಪಟ್ಟಿ: ಹಕ್ಕಿ ಇದು, ಹೂವು ಇದು, ಮರ ಇದು. ರಸಪ್ರಶ್ನೆಗೆ ಅಷ್ಟು ಸಾಕಾಗಬಹುದು. ಆದರೆ ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಅದು ಯಾವ ವರ್ಷ ಕಾನೂನಾಯಿತು, ಅದು ಬೇಕೆಂದು ಕೇಳಿದವರು ಯಾರು, ಅದಕ್ಕೂ ಮೊದಲು ಅದು ಯಾರ ಸೊತ್ತಾಗಿತ್ತು ಎಂಬುದನ್ನೂ ಬರೆದುಕೊಂಡರೆ ಒಣ ಪಟ್ಟಿಯೇ ಆ ರಾಜ್ಯದ ಚರಿತ್ರೆಯಾಗಿ ತೆರೆದುಕೊಳ್ಳುತ್ತದೆ. ಈ ರೀತಿಯ ಓದಿಗೆ ನ್ಯೂ ಮೆಕ್ಸಿಕೊದಷ್ಟು ಒದಗಿಬರುವ ರಾಜ್ಯ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯಾಗಿ ಕೆಲವು ಇಸವಿಗಳು ನೆನಪಿನಲ್ಲಿರಬೇಕು. ಪ್ಯೂಬ್ಲೊ, ನವಾಹೊ, ಅಪಾಚೆ ಎಂಬ ಮೂಲನಿವಾಸಿ ಜನರ ಈ ನೆಲಕ್ಕೆ ಹ್ವಾನ್ ದೆ ಓನ್ಯಾತೆ ಎಂಬವನ ಮುಂದಾಳುತನದಲ್ಲಿ ಸ್ಪೇನ್ ದೇಶದವರು 1598ರಲ್ಲಿ ವಸಾಹತು ಹೂಡಲು ಬಂದರು. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾದಾಗ ಇದು ಆ ದೇಶದ ಭಾಗವಾಯಿತು. 1846ರಲ್ಲಿ ಅಮೆರಿಕದ ಸೇನೆ ಇದನ್ನು ಹಿಡಿಯಿತು. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದ ಅದನ್ನು ಅಧಿಕೃತಗೊಳಿಸಿತು. 1850ರಲ್ಲಿ ಕೇಂದ್ರಾಡಳಿತದ ಪ್ರಾಂತವಾದ ನ್ಯೂ ಮೆಕ್ಸಿಕೊ, ಪೂರ್ಣ ರಾಜ್ಯವಾಗಲು 1912ರ ಜನವರಿ 6ರವರೆಗೆ ಕಾಯಬೇಕಾಯಿತು. ಇಷ್ಟು ದೀರ್ಘ ಕಾಯುವಿಕೆಗೆ ಇಲ್ಲಿನ ಬಹುಜನರು ಸ್ಪ್ಯಾನಿಷ್ ಮಾತನಾಡುವ ಕ್ಯಾಥೊಲಿಕರಾಗಿದ್ದುದೂ ಒಂದು ಕಾರಣ. ತಾವು ಪೂರ್ಣ ಅಮೆರಿಕನ್ನರು ಎಂದು ತೋರಿಸಿಕೊಳ್ಳುವ ಆತುರ ಮತ್ತು ತಮ್ಮ ಹಳಮೆಯನ್ನು ಬಿಟ್ಟುಕೊಡಲಾರದ ಹೆಮ್ಮೆ, ಇವೆರಡೂ ಮೊದಲ ಕಾಲದ ಲಾಂಛನಗಳಲ್ಲಿ ಒಟ್ಟಿಗೇ ಕಾಣುತ್ತವೆ.

ಅಮೆರಿಕದಲ್ಲಿ ರಾಜ್ಯದ ಲಾಂಛನಗಳನ್ನು ನಿರ್ಧರಿಸುವುದು ಆಯಾ ರಾಜ್ಯದ ಶಾಸನಸಭೆ. ಸದಸ್ಯರೊಬ್ಬರು ವಿಧೇಯಕ ಮಂಡಿಸಿ, ಎರಡೂ ಸದನಗಳು ಒಪ್ಪಿ, ಗವರ್ನರ್ ಸಹಿ ಹಾಕಿದ ಮೇಲೆ ಹಕ್ಕಿಯಾಗಲಿ ತಿಂಡಿಯಾಗಲಿ ಅಧಿಕೃತವಾಗುತ್ತದೆ. ನ್ಯೂ ಮೆಕ್ಸಿಕೊದಲ್ಲಿ ಇವೆಲ್ಲವೂ ರಾಜ್ಯದ ಕಾನೂನು ಸಂಹಿತೆಯ 12ನೆಯ ಅಧ್ಯಾಯದ 3ನೆಯ ಭಾಗದಲ್ಲಿ ಸೇರಿವೆ. ಮುದ್ರೆ, ಧ್ವಜ ಮೊದಲಾದವಕ್ಕೆ ಅಲ್ಲಿ ಪ್ರತ್ಯೇಕ ಕಲಮುಗಳಿವೆ. ಹೂವು, ಹಕ್ಕಿ, ಮೀನು, ತರಕಾರಿಗಳು ಒಂದೇ ಕಲಮಿನಡಿ ಸಾಲಾಗಿ ಬರುತ್ತವೆ.

ರಾಜ್ಯಮುದ್ರೆ

ಮುದ್ರೆಯ ನಡುವೆ ಎರಡು ಹದ್ದುಗಳಿವೆ. ಚಿಕ್ಕದು ಮೆಕ್ಸಿಕೊದ ಹದ್ದು: ಕೊಕ್ಕಿನಲ್ಲಿ ಹಾವು, ಕಾಲಿನಲ್ಲಿ ಪಾಪಾಸುಕಳ್ಳಿ. ಇದು ಅಜ್ಟೆಕರ ರಾಜಧಾನಿ ಹುಟ್ಟಿದ ಕತೆಯಿಂದ ಬಂದ ಚಿತ್ರವಾಗಿದ್ದು, ಇಂದಿಗೂ ಮೆಕ್ಸಿಕೊ ದೇಶದ ಧ್ವಜದಲ್ಲಿದೆ. ದೊಡ್ಡದು ಅಮೆರಿಕದ ಹದ್ದು: ರೆಕ್ಕೆ ಬಿಚ್ಚಿ, ಬಾಣಗಳನ್ನು ಹಿಡಿದು ಚಿಕ್ಕ ಹದ್ದನ್ನು ಮರೆಮಾಡಿ ಕಾಯುತ್ತಿದೆ. ಕಾಯುತ್ತಿದೆ ಎಂಬುದು ಕಾನೂನಿನ ಮಾತು. 1846ರಲ್ಲಿ ಆ ದೊಡ್ಡ ಹದ್ದು ಬಂದದ್ದು ಕಾಯಲಿಕ್ಕಲ್ಲ ಎಂಬುದನ್ನು ಓದುಗರು ತಾವೇ ಸೇರಿಸಿಕೊಳ್ಳಬೇಕು. ಹಾಗಿದ್ದೂ ಸೋತ ದೇಶದ ಚಿಹ್ನೆಯನ್ನು ಅಳಿಸದೆ ಮುದ್ರೆಯಲ್ಲೇ ಉಳಿಸಿಕೊಂಡದ್ದು ಅಪರೂಪದ ಸಂಗತಿ.

ಹದ್ದುಗಳ ಕೆಳಗೆ 1912 ಎಂಬ ಇಸವಿಯೂ ಲ್ಯಾಟಿನ್ ಭಾಷೆಯ ‘ಕ್ರೆಸಿತ್ ಎಉಂದೊ’ ಎಂಬ ಧ್ಯೇಯವಾಕ್ಯವೂ ಇವೆ. ಸಾಗುತ್ತ ಸಾಗುತ್ತ ಬೆಳೆಯುತ್ತದೆ ಎಂದು ಅದರ ಅರ್ಥ. ಪ್ರಾಂತದ ಕಾರ್ಯದರ್ಶಿಯಾಗಿದ್ದ ವಿಲಿಯಂ ರಿಚ್ 1882ರಲ್ಲಿ ಇದನ್ನು ಮುದ್ರೆಗೆ ಸೇರಿಸಿದರು. 1887ರಲ್ಲಿ ಶಾಸನಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ರೋಮಿನ ಕವಿ ಲುಕ್ರೀಷಿಯಸ್ ಸಿಡಿಲನ್ನು ಕುರಿತು, ಅದು ಸಾಗಿದಷ್ಟೂ ವೇಗವನ್ನೂ ಬಲವನ್ನೂ ಕೂಡಿಸಿಕೊಳ್ಳುತ್ತದೆ ಎಂದು ಬರೆದ ಭಾಗಕ್ಕೆ ಈ ಮಾತು ಸಂಬಂಧಿಸಿದೆ. ರಾಜ್ಯವಾದ ಮೇಲೆ ಹೊಸ ಮುದ್ರೆ ರಚಿಸುವ ಕೆಲಸವನ್ನು ಒಂದು ಸಮಿತಿಗೆ ವಹಿಸಲಾಯಿತು. ಅದು 1913ರಲ್ಲಿ ಹಳೆಯ ಪ್ರಾಂತೀಯ ಮುದ್ರೆಯನ್ನೇ ಹೆಚ್ಚು ಕಡಿಮೆ ಹಾಗೆಯೇ ಉಳಿಸಿ, ಇಸವಿಯನ್ನು ಮಾತ್ರ ಬದಲಾಯಿಸಿತು.

ಧ್ವಜ ಮತ್ತು ಜಿಯಾ ಸೂರ್ಯ

ಈ ಟಿಪ್ಪಣಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ. ರಾಜ್ಯವಾದ ಮೊದಲ ವರ್ಷಗಳಲ್ಲಿ ನ್ಯೂ ಮೆಕ್ಸಿಕೊಗೆ ಧ್ವಜವೇ ಇರಲಿಲ್ಲ. 1915ರಲ್ಲಿ ಸ್ಯಾನ್ ಡಿಯಾಗೊ ನಗರದ ದೊಡ್ಡ ವಸ್ತುಪ್ರದರ್ಶನದಲ್ಲಿ ಎಲ್ಲ ರಾಜ್ಯಗಳ ಧ್ವಜಗಳನ್ನೂ ಹಾರಿಸುವ ಸಂದರ್ಭ ಬಂದಾಗ, ಇತಿಹಾಸಕಾರ ರಾಲ್ಫ್ ಎಮರ್ಸನ್ ಟ್ವಿಚೆಲ್ ಒಂದು ನೀಲಿ ಧ್ವಜವನ್ನು ರೂಪಿಸಿದರು. ಅದರ ಒಂದು ಮೂಲೆಯಲ್ಲಿ ಅಮೆರಿಕದ ಧ್ವಜ, ಇನ್ನೊಂದರಲ್ಲಿ ಒಕ್ಕೂಟಕ್ಕೆ ಸೇರಿದ ಕ್ರಮವನ್ನು ಹೇಳುವ 47 ಎಂಬ ಸಂಖ್ಯೆ, ಮತ್ತೊಂದರಲ್ಲಿ ರಾಜ್ಯಮುದ್ರೆ, ಜೊತೆಗೆ ರಾಜ್ಯದ ಹೆಸರು ಇದ್ದವು. ಹೇಳಬೇಕಾದ್ದನ್ನೆಲ್ಲ ಒಂದೇ ಬಟ್ಟೆಯ ಮೇಲೆ ಹೇಳಿಬಿಡುವ ಈ ಧ್ವಜ ಯಾರ ಮನಸ್ಸನ್ನೂ ಹಿಡಿಯಲಿಲ್ಲ. 1920ರ ಹೊತ್ತಿಗೆ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಎಂಬ ಮಹಿಳಾ ಸಂಘದವರು ನಾಡಿನ ಗುಣಕ್ಕೆ ಒಪ್ಪುವ ಧ್ವಜ ಬೇಕೆಂದು ಒತ್ತಾಯಿಸಿ, ಮುಂದೆ ಸ್ಪರ್ಧೆಯನ್ನೂ ನಡೆಸಿದರು.

ಗೆದ್ದವರು ಸಾಂಟಾ ಫೆ ಊರಿನ ಹ್ಯಾರಿ ಮೇರಾ. ವೃತ್ತಿಯಿಂದ ವೈದ್ಯರು, ಆಸಕ್ತಿಯಿಂದ ಪುರಾತತ್ವಜ್ಞರು. ಪ್ಯೂಬ್ಲೊ ಜನರ ಊರುಗಳಲ್ಲೊಂದಾದ ಜಿಯಾ ಪ್ಯೂಬ್ಲೊದಿಂದ ಬಂದು ಸಾಂಟಾ ಫೆಯ ವಸ್ತುಸಂಗ್ರಹಾಲಯದಲ್ಲಿದ್ದ ಹತ್ತೊಂಬತ್ತನೆಯ ಶತಮಾನದ ಒಂದು ಮಡಕೆಯ ಮೇಲೆ ಅವರು ಕಂಡಿದ್ದ ಸೂರ್ಯನ ಚಿಹ್ನೆಯೇ ಈ ಧ್ವಜಕ್ಕೆ ಆಧಾರ. ಮಡಕೆ ಮಾಡಿದ ಕೈ ಯಾರದೆಂದು ದಾಖಲೆಯಿಲ್ಲ. ಮೇರಾ ಅವರ ಪತ್ನಿ ರೀಬಾ ಮೊದಲ ಮಾದರಿಯನ್ನು ಹೊಲಿದರು. 1925ರ ಮಾರ್ಚ್‌ನಲ್ಲಿ ಗವರ್ನರ್ ಆರ್ಥರ್ ಹ್ಯಾನೆಟ್ ಸಹಿಯೊಂದಿಗೆ ಅದು ರಾಜ್ಯದ ಧ್ವಜವಾಯಿತು.

ಕಾನೂನು ಈ ಧ್ವಜವನ್ನು ಅಳತೆಗೋಲು ಹಿಡಿದೇ ವಿವರಿಸುತ್ತದೆ. ಹಳದಿ ಬಟ್ಟೆಯ ನಡುವೆ ಕೆಂಪು ಸೂರ್ಯ. ಈ ಎರಡು ಬಣ್ಣಗಳು ಹಳೆಯ ಸ್ಪೇನಿನವು. ಅಗಲವು ಉದ್ದದ ಮೂರನೆಯ ಎರಡು ಭಾಗ. ಸೂರ್ಯನ ಚಿಹ್ನೆ ಉದ್ದದ ಮೂರನೆಯ ಒಂದು ಭಾಗ. ಚಿಹ್ನೆಯೊಳಗಿನ ವೃತ್ತದ ವ್ಯಾಸ ಆ ಚಿಹ್ನೆಯ ಅಗಲದ ಮೂರನೆಯ ಒಂದು ಭಾಗ. ವೃತ್ತದಿಂದ ನಾಲ್ಕು ದಿಕ್ಕಿಗೆ ನಾಲ್ಕು ಕಿರಣಗುಚ್ಛಗಳು ಹೊರಡುತ್ತವೆ. ಒಂದೊಂದರಲ್ಲೂ ನಾಲ್ಕು ಕಿರಣಗಳಿದ್ದು, ಒಳಗಿನ ಎರಡು ಹೊರಗಿನ ಎರಡಕ್ಕಿಂತ ಐದನೆಯ ಒಂದು ಭಾಗದಷ್ಟು ಉದ್ದ. ಮೂರು ಅಡಿ ಉದ್ದದ ಧ್ವಜ ಬರೆಯುವುದಾದರೆ ಅಗಲ ಎರಡು ಅಡಿ, ಚಿಹ್ನೆ ಹನ್ನೆರಡು ಅಂಗುಲ, ವೃತ್ತ ನಾಲ್ಕು ಅಂಗುಲ ಬರುತ್ತದೆ. ಒಮ್ಮೆ ಕೈಯಾರೆ ಬರೆದು ನೋಡಿದರೆ ಈ ಪ್ರಮಾಣಗಳು ಮತ್ತೆ ಮರೆಯುವುದಿಲ್ಲ.

ಜಿಯಾ ಜನರಿಗೆ ನಾಲ್ಕು ಪವಿತ್ರ ಸಂಖ್ಯೆ. ನಾಲ್ಕು ದಿಕ್ಕು, ನಾಲ್ಕು ಋತು, ದಿನದ ನಾಲ್ಕು ಹೊತ್ತು, ಬಾಳಿನ ನಾಲ್ಕು ಘಟ್ಟ ಎಂದು ಕಿರಣಗಳನ್ನು ಅರ್ಥೈಸುವುದು ವಾಡಿಕೆ. ಇವೆಲ್ಲವನ್ನೂ ನಡುವಿನ ವೃತ್ತ ಒಂದಾಗಿ ಹಿಡಿದಿದೆ. ಇದರೊಡನೆ ದೃಢವಾದ ಮೈ, ತಿಳಿಯಾದ ಬುದ್ಧಿ, ಶುದ್ಧವಾದ ಆತ್ಮ, ಜನರ ಒಳಿತಿನಲ್ಲಿ ನಿಷ್ಠೆ ಎಂಬ ನಾಲ್ಕು ಹೊಣೆಗಳನ್ನೂ ಹೇಳುತ್ತಾರೆ.

ಧ್ವಜದ ಯಶಸ್ಸಿನ ಬಗ್ಗೆ ಅನುಮಾನವಿಲ್ಲ. ಉತ್ತರ ಅಮೆರಿಕದ ಧ್ವಜಶಾಸ್ತ್ರ ಸಂಘವು 2001ರಲ್ಲಿ ಅಮೆರಿಕ ಮತ್ತು ಕೆನಡಾದ ರಾಜ್ಯ, ಪ್ರಾಂತ, ಆಡಳಿತ ಪ್ರದೇಶಗಳ 72 ಧ್ವಜಗಳ ವಿನ್ಯಾಸದ ಬಗ್ಗೆ ಮತ ಕೇಳಿದಾಗ ಮೊದಲ ಸ್ಥಾನ ಇದಕ್ಕೇ ಬಂತು. 1966ರಲ್ಲಿ ಸಿದ್ಧವಾದ ಶಾಸನಸಭಾ ಕಟ್ಟಡ ಮೇಲಿನಿಂದ ಜಿಯಾ ಸೂರ್ಯನಂತೆಯೇ ಕಾಣುತ್ತದೆ. ಜನ ಅದನ್ನು ರೌಂಡ್‌ಹೌಸ್ ಎನ್ನುತ್ತಾರೆ. 2008ರಲ್ಲಿ ರಾಜ್ಯದ ಹೆಸರಿನಲ್ಲಿ ಹೊರಬಂದ ಕಾಲು ಡಾಲರ್ ನಾಣ್ಯದ ಮೇಲೂ ಅದೇ ಸೂರ್ಯ. ಅಂಗಡಿ ಫಲಕಗಳಲ್ಲಿ, ಟೀ ಶರ್ಟುಗಳಲ್ಲಿ, ಹಚ್ಚೆಗಳಲ್ಲಿ ಅದು ಎಲ್ಲೆಲ್ಲೂ ಸಿಗುತ್ತದೆ.

ಆದರೆ 1925ರಲ್ಲಿ ಜಿಯಾ ಪ್ಯೂಬ್ಲೊವನ್ನು ಯಾರೂ ಕೇಳಿರಲಿಲ್ಲ. ಆಲ್ಬುಕರ್ಕಿ ನಗರದ ವಾಯವ್ಯಕ್ಕಿರುವ, ಕೆರೆಸ್ ಭಾಷೆಯಾಡುವ ಈ ಸಣ್ಣ ಸಮುದಾಯಕ್ಕೆ ಸೂರ್ಯನ ಚಿಹ್ನೆ ಅಲಂಕಾರವಲ್ಲ. ಪೂಜಾವಿಧಿಗಳಲ್ಲಿ ಬಳಕೆಯಾಗುವ ಪವಿತ್ರ ವಸ್ತು. 1990ರ ದಶಕದಲ್ಲಿ ಅವರು ಗಟ್ಟಿಯಾಗಿ ಪ್ರಶ್ನೆ ಎತ್ತಿದರು. ಬಳಸಿದ ಪ್ರತಿ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ನಂತೆ ರಾಜ್ಯದಿಂದ ಪರಿಹಾರ ಕೇಳಿದ್ದೂ ಉಂಟು, ಬೇಡಿಕೆ ಈಡೇರಲಿಲ್ಲ. ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಗಮನಿಸಬೇಕು. 1946ರ ಅಮೆರಿಕದ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ರಾಜ್ಯಗಳ ಧ್ವಜ, ಮುದ್ರೆಗಳನ್ನು ಯಾರೂ ತಮ್ಮ ಗುರುತೆಂದು ನೋಂದಾಯಿಸಿಕೊಳ್ಳುವಂತಿಲ್ಲ. ಮೂಲನಿವಾಸಿ ಬುಡಕಟ್ಟುಗಳ ಲಾಂಛನಗಳಿಗೆ ಅಲ್ಲಿ ಅಂಥ ನೇರ ರಕ್ಷಣೆ ಇಲ್ಲ. ಹೀಗೆ ಎರವಲು ತಂದವರ ಧ್ವಜಕ್ಕೆ ಸಿಕ್ಕ ಕಾವಲು, ಚಿಹ್ನೆಯ ಮೂಲ ಒಡೆಯರಿಗೆ ಸಿಗಲಿಲ್ಲ. 1998ರಲ್ಲಿ ಅಮೆರಿಕದ ಸಂಸತ್ತು ಈ ಬಗ್ಗೆ ಅಧ್ಯಯನ ನಡೆಸಲು ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಗೆ ಸೂಚಿಸಿತು. ಅದರ ಫಲವಾಗಿ 2001ರಲ್ಲಿ ಬುಡಕಟ್ಟುಗಳ ಅಧಿಕೃತ ಲಾಂಛನಗಳ ದತ್ತಸಂಚಯವೊಂದು ಆರಂಭವಾಯಿತು. ಹೊಸ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿಗಳಿಗೆ ಅದು ನೆರವಾಗುತ್ತದೆಯೇ ಹೊರತು, ನೋಂದಣಿಯಿಲ್ಲದೆ ಚಿಹ್ನೆ ಬಳಸುವವರನ್ನು ತಡೆಯುವುದಿಲ್ಲ.

ಕೇಳಿ ಬಳಸಿದವರೂ ಇದ್ದಾರೆ. ಸೌತ್‌ವೆಸ್ಟ್ ಏರ್‌ಲೈನ್ಸ್ ತನ್ನ ಒಂದು ವಿಮಾನಕ್ಕೆ ನ್ಯೂ ಮೆಕ್ಸಿಕೊ ಧ್ವಜದ ಬಣ್ಣ ಬಳಿಯುವ ಮುನ್ನ ಜಿಯಾ ಪ್ಯೂಬ್ಲೊದ ಅನುಮತಿ ಪಡೆದು, ಅಲ್ಲಿನ ವಿದ್ಯಾರ್ಥಿವೇತನ ನಿಧಿಗೆ ಹಣ ಕೊಟ್ಟಿತು. ದೂರದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರವು 1962ರಿಂದ ತನ್ನ ಧ್ವಜದಲ್ಲಿದ್ದ ಈ ಸೂರ್ಯನನ್ನು 2018ರಲ್ಲಿ ತೆಗೆದುಹಾಕಿತು. ನ್ಯೂ ಮೆಕ್ಸಿಕೊದ ಶಾಲೆಗಳಲ್ಲಿ ಹೇಳುವ ಧ್ವಜವಂದನೆಯಾದರೋ ಜಿಯಾ ಚಿಹ್ನೆಯನ್ನು ಒಂದುಗೂಡಿದ ಸಂಸ್ಕೃತಿಗಳ ಪರಿಪೂರ್ಣ ಸ್ನೇಹದ ಸಂಕೇತ ಎಂದು ಕರೆಯುತ್ತದೆ. ಈ ವಂದನೆಗೆ ಸ್ಪ್ಯಾನಿಷ್ ಪಾಠವೂ ಇದೆ.

ಪ್ರಾಣಿ, ಸಸ್ಯ, ಕಲ್ಲು

ಇವುಗಳಲ್ಲಿ ಕೆಲವನ್ನು ಹೆಸರಿಸಿ ಮುಂದೆ ಹೋಗಬಹುದು. ಯಕ್ಕಾ ಹೂವು 1927ರಲ್ಲಿ, ಪಿನ್ಯೋನ್ ಪೈನ್ ಮರ 1949ರಲ್ಲಿ, ವೈಡೂರ್ಯದ ನೀಲಿಯ ಟರ್ಕ್ವಾಯ್ಸ್ ಕಲ್ಲು 1967ರಲ್ಲಿ ರಾಜ್ಯದ ಲಾಂಛನಗಳಾದವು.

ರಾಜ್ಯದ ಹಕ್ಕಿ ರೋಡ್‌ರನ್ನರ್ 1949ರಲ್ಲಿ ಆಯ್ಕೆಯಾಯಿತು. ಹಾರುವುದಕ್ಕಿಂತ ಓಡುವುದನ್ನೇ ನೆಚ್ಚಿದ, ಹಾವನ್ನೂ ಹೊಡೆದು ತಿನ್ನುವ ಈ ಹಕ್ಕಿ ಕೋಗಿಲೆಯ ಕುಟುಂಬಕ್ಕೆ ಸೇರಿದ್ದು. ನಮ್ಮ ತೋಟದ ಬೇಲಿಗಳಲ್ಲಿ ಓಡಾಡುವ ಕೆಂಬೂತವೂ ಅದೇ ಕುಟುಂಬದ್ದಾದ್ದರಿಂದ, ಅದರ ನಡಿಗೆಯನ್ನು ಬಲ್ಲವರಿಗೆ ರೋಡ್‌ರನ್ನರ್‌ನ ಚಹರೆ ಪೂರ್ತಿ ಹೊಸದೆನಿಸದು.

ರಾಜ್ಯದ ಸಸ್ತನಿ ಕರಡಿಯ ಹಿಂದೆ ಒಂದು ಕಾಳ್ಗಿಚ್ಚಿದೆ. ಕಾಡಿಗೆ ಬೆಂಕಿ ಬೀಳದಂತೆ ಎಚ್ಚರಿಸುವ ಸ್ಮೋಕಿ ಎಂಬ ಕರಡಿ 1944ರಿಂದಲೇ ಭಿತ್ತಿಪತ್ರಗಳಲ್ಲಿತ್ತು. 1950ರಲ್ಲಿ ಕ್ಯಾಪಿಟನ್ ಬೆಟ್ಟಗಳ ಕಾಡು ಉರಿದಾಗ ಸುಟ್ಟ ಗಾಯಗಳೊಂದಿಗೆ ಬದುಕುಳಿದ ಕರಿಕರಡಿಯ ಮರಿಯೊಂದಕ್ಕೆ ಅದೇ ಹೆಸರಿಟ್ಟು ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯಕ್ಕೆ ಕಳುಹಿಸಲಾಯಿತು. ಬರುವ ಪತ್ರಗಳ ರಾಶಿಯಿಂದಾಗಿ ಅದಕ್ಕೆ ಪ್ರತ್ಯೇಕ ಅಂಚೆ ಸಂಕೇತವನ್ನೇ ಕೊಡಬೇಕಾಯಿತು. ಕರಿಕರಡಿ 1963ರಲ್ಲಿ ರಾಜ್ಯದ ಪ್ರಾಣಿಯಾಯಿತು. 1976ರಲ್ಲಿ ಸ್ಮೋಕಿ ಸತ್ತಾಗ ದೇಹವನ್ನು ಕ್ಯಾಪಿಟನ್ ಊರಿಗೆ ತಂದು ಹೂಳಲಾಯಿತು.

ವಿಜ್ಞಾನದ ವಿದ್ಯಾರ್ಥಿಗಳು ಬಿಡಬಾರದಂಥವು ಎರಡಿವೆ. ಮೊದಲನೆಯದು 1981ರಲ್ಲಿ ರಾಜ್ಯದ ಪಳೆಯುಳಿಕೆಯಾದ ಸೀಲೊಫಿಸಿಸ್, ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನ ಒಂದು ಸಣ್ಣ ಡೈನೊಸಾರ್. 1947ರಲ್ಲಿ ಘೋಸ್ಟ್ ರ್‍ಯಾಂಚ್ ಎಂಬಲ್ಲಿ ಇದರ ಅಸ್ಥಿಪಂಜರಗಳು ನೂರಾರು ಸಂಖ್ಯೆಯಲ್ಲಿ ಒಟ್ಟೊಟ್ಟಿಗೆ ಸಿಕ್ಕವು. ಎರಡನೆಯದು 2003ರಲ್ಲಿ ರಾಜ್ಯದ ಸರೀಸೃಪವಾದ ನ್ಯೂ ಮೆಕ್ಸಿಕೊ ವಿಪ್‌ಟೇಲ್ ಹಲ್ಲಿ. ಎರಡು ಬೇರೆ ಜಾತಿಯ ಹಲ್ಲಿಗಳ ಬೆರಕೆಯಿಂದ ಹುಟ್ಟಿದ ಈ ಜಾತಿಯಲ್ಲಿ ಗಂಡೇ ಇಲ್ಲ. ಹೆಣ್ಣುಗಳು ಫಲೀಕರಣವಿಲ್ಲದ ಮೊಟ್ಟೆಗಳಿಂದಲೇ ಹೆಣ್ಣು ಮರಿಗಳನ್ನು ಪಡೆಯುತ್ತವೆ.

ಹಾಡು, ತಿಂಡಿ, ಮೆಣಸಿನಕಾಯಿ

1917ರಲ್ಲಿ ಅಂಗೀಕಾರವಾದ ರಾಜ್ಯಗೀತೆಯನ್ನು ರಚಿಸಿದವರು ಎಲಿಜಬೆತ್ ಗ್ಯಾರೆಟ್. ದೃಷ್ಟಿಯಿಲ್ಲದ ಈ ಗಾಯಕಿ, ಬಿಲ್ಲಿ ದಿ ಕಿಡ್ ಎಂಬ ಹೆಸರಾಂತ ಅಪರಾಧಿಯನ್ನು ಗುಂಡಿಟ್ಟು ಕೊಂದ ಶೆರಿಫ್ ಪ್ಯಾಟ್ ಗ್ಯಾರೆಟ್ ಅವರ ಮಗಳು. ಮುಂದೆ 1971ರಲ್ಲಿ ಸ್ಪ್ಯಾನಿಷ್ ಭಾಷೆಯ ರಾಜ್ಯಗೀತೆಯೂ 1995ರಲ್ಲಿ ದ್ವಿಭಾಷಾ ಗೀತೆಯೂ ಸೇರಿದವು.

1989ರಲ್ಲಿ ಬಿಸ್ಕೊಚಿತೊ ಎಂಬ ಬಿಸ್ಕತ್ತು ಅಧಿಕೃತವಾಯಿತು. ಅಮೆರಿಕದಲ್ಲಿ ಅಧಿಕೃತ ಬಿಸ್ಕತ್ತನ್ನು ಘೋಷಿಸಿದ ಮೊದಲ ರಾಜ್ಯ ಇದು. ಸೋಂಪಿನ ಜಾತಿಯ ಆನಿಸ್ ಕಾಳು ಹಾಕಿ, ಮೇಲೆ ದಾಲ್ಚಿನ್ನಿ ಸಕ್ಕರೆ ಉದುರಿಸಿ ಮಾಡುವ ಇದನ್ನು ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬಿನಲ್ಲಿ ಕಲಸುತ್ತಾರೆ; ಸಸ್ಯಾಹಾರಿಗಳು ತಿಳಿದಿರುವುದು ಒಳ್ಳೆಯದು.

1965ರಲ್ಲಿ ರಾಜ್ಯದ ತರಕಾರಿಗಳೆಂದು ಮೆಣಸಿನಕಾಯಿಯನ್ನೂ ಹುರುಳಿಕಾಯಿ ಜಾತಿಯ ಫ್ರಿಹೋಲ್ ಕಾಳನ್ನೂ ಜೋಡಿಯಾಗಿ ಆರಿಸಲಾಯಿತು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮೆಣಸಿನಕಾಯಿ ಹಣ್ಣು ಎಂಬ ಆಕ್ಷೇಪ ಸರಿಯೇ. ಶಾಸನಸಭೆ ಅಡುಗೆಮನೆಯ ಲೆಕ್ಕವನ್ನು ಹಿಡಿಯಿತು. ಇಲ್ಲಿನ ಉದ್ದನೆಯ ತಳಿಗಳಿಗೆ ಬುನಾದಿ ಹಾಕಿದವರು ಮೆಕ್ಸಿಕೊದಲ್ಲಿ ಹುಟ್ಟಿ ಲಾಸ್ ಕ್ರೂಸಸ್ ಊರಿನ ಕೃಷಿ ಕಾಲೇಜಿನಲ್ಲಿ ಕೆಲಸ ಮಾಡಿದ ತೋಟಗಾರಿಕಾ ವಿಜ್ಞಾನಿ ಫಾಬಿಯಾನ್ ಗಾರ್ಸಿಯ. ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದು ನೆಲೆಯೂರಿದ ನಮ್ಮ ಬ್ಯಾಡಗಿಯೂ ಈ ಮೆಣಸಿನಕಾಯಿಯೂ ಒಂದೇ ಸಸ್ಯಜಾತಿಯವು.

ಹಸಿರು ಮತ್ತು ಕೆಂಪು ಬೇರೆ ಬೇರೆ ಗಿಡಗಳಲ್ಲ. ಹಸಿರಾಗಿದ್ದಾಗಲೇ ಕಿತ್ತು ಸುಟ್ಟು, ಸಿಪ್ಪೆ ಸುಲಿದು ಸಾರು ಮಾಡುವುದು ಒಂದು ಬಗೆ. ಗಿಡದಲ್ಲೇ ಕೆಂಪಗಾಗಲು ಬಿಟ್ಟು, ಒಣಗಿಸಿ, ಅರೆದು ಸಾರು ಮಾಡುವುದು ಇನ್ನೊಂದು. ಹೋಟೆಲಿನಲ್ಲಿ ತಿಂಡಿ ಹೇಳಿದ ಕೂಡಲೇ ಬಡಿಸುವವರು ‘ಕೆಂಪೋ ಹಸಿರೋ?’ ಎಂದು ಕೇಳುತ್ತಾರೆ. 1996ರಲ್ಲಿ ಶಾಸನಸಭೆ ಇದನ್ನೇ ರಾಜ್ಯದ ಅಧಿಕೃತ ಪ್ರಶ್ನೆಯೆಂದು ನಿರ್ಣಯಿಸಿತು. ಎರಡೂ ಬೇಕೆನ್ನುವವರು ‘ಕ್ರಿಸ್‌ಮಸ್’ ಎನ್ನುತ್ತಾರೆ.

ಇತ್ತೀಚಿನ ಸೇರ್ಪಡೆಗಳಲ್ಲಿ ಗಮನಾರ್ಹವಾದದ್ದು ಒಂದು ವಾಸನೆ. ಬೇಸಿಗೆ ಮುಗಿಯುತ್ತಿದ್ದಂತೆ ಅಂಗಡಿಗಳ ಮುಂದೆ ತಂತಿ ಬಲೆಯ ಪೀಪಾಯಿಗಳಲ್ಲಿ ಹಸಿ ಮೆಣಸಿನಕಾಯಿ ತುಂಬಿ, ಗ್ಯಾಸ್ ಉರಿಯ ಮೇಲೆ ತಿರುಗಿಸುತ್ತ ಸುಡುತ್ತಾರೆ. ಸಿಪ್ಪೆ ಕಪ್ಪಗಾಗಿ ಸಿಡಿಯುವಾಗ ಘಾಟು ಬೀದಿಗಟ್ಟಲೆ ಹರಡುತ್ತದೆ. ಲಾಸ್ ಕ್ರೂಸಸ್‌ನ ಐದನೆಯ ತರಗತಿಯ ಮಕ್ಕಳು ಇದನ್ನು ರಾಜ್ಯದ ಪರಿಮಳವಾಗಿಸಬೇಕೆಂದು ತಮ್ಮ ಪ್ರದೇಶದ ಸೆನೆಟರ್ ಮುಂದೆ ಸಲಹೆಯಿಟ್ಟರು. 2023ರ ಮಾರ್ಚ್‌ನಲ್ಲಿ ಗವರ್ನರ್ ಮಿಷೆಲ್ ಲುಹಾನ್ ಗ್ರಿಶಮ್ ವಿಧೇಯಕಕ್ಕೆ ಸಹಿ ಹಾಕಿದರು. ಅಧಿಕೃತ ಪರಿಮಳವನ್ನು ಹೊಂದಿದ ಮೊದಲ ಅಮೆರಿಕನ್ ರಾಜ್ಯವಾಗಿ ನ್ಯೂ ಮೆಕ್ಸಿಕೊ ದಾಖಲಾಯಿತು.