ನಿಂಬೆ ಕಪ್‌ಕೇಕ್‌ಗೆ ಇನ್ನೆಷ್ಟು ರಸ ಹಿಂಡಬೇಕು?

ಪ್ರಶ್ನೆ: ಎರಡು ಟೇಬಲ್ ಚಮಚ ರಸ ಹಾಕಿ ನಿಂಬೆ ಕಪ್‌ಕೇಕ್ ಮಾಡಿದೆ, ನಿಂಬೆಯ ಘಮವೇ ಇರಲಿಲ್ಲ. ಮುಂದಿನ ಸಲ ನಾಲ್ಕು ಚಮಚ ಹಾಕಿದೆ. ಕೇಕ್ ಉಬ್ಬಲಿಲ್ಲ, ನಡುವೆ ಅಂಟಂಟಾಯಿತು, ಘಮ ಆಗಲೂ ಬರಲಿಲ್ಲ. ಇನ್ನೆಷ್ಟು ರಸ ಬೇಕು?

ಉತ್ತರ: ಇನ್ನು ಹಾಕಬೇಡಿ, ಹಾಕುತ್ತಿರುವುದನ್ನೂ ಕಡಿಮೆ ಮಾಡಿ. ಬೇಸಿಗೆ ಶುರುವಾದರೆ ಸಾಕು, ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಪ್ರತಿ ಸಲವೂ ಉತ್ತರ ಒಂದೇ: ಘಮ ಬೇಕಿದ್ದರೆ ಸಿಪ್ಪೆ ತುರಿಯಿರಿ. ‘ತುರಿ ಹಾಕಿದ್ದೆನಲ್ಲ, ಸ್ವಲ್ಪ’ ಎನ್ನುತ್ತೀರಿ. ಆ ಸ್ವಲ್ಪ ಅರ್ಧ ಟೀ ಚಮಚ ಇರುತ್ತದೆ. 12 ಕಪ್‌ಕೇಕ್‌ಗೆ ಎರಡು ಟೇಬಲ್ ಚಮಚ ತುರಿ ಬೇಕು: ದೊಡ್ಡ ನಿಂಬೆಯಾದರೆ ಎರಡು ಹಣ್ಣು, ಸಣ್ಣದಾದರೆ ನಾಲ್ಕು.

ರಸ ಹೆಚ್ಚಿದಷ್ಟೂ ನಿಂಬೆಯ ರುಚಿ ಹೆಚ್ಚುತ್ತದೆ ಎಂಬ ನಂಬಿಕೆ ತಂಪು ಪಾನೀಯದ ಮಟ್ಟಿಗೆ ಸರಿ. ಅಲ್ಲಿ ರಸ ಬಿಸಿಯಾಗುವುದಿಲ್ಲ, ಸೋಡಾಪುಡಿಯನ್ನು ಎದುರಿಸಬೇಕಾಗಿಯೂ ಇಲ್ಲ. ಓವನ್‌ನ ಲೆಕ್ಕವೇ ಬೇರೆ. ನಾವು ‘ನಿಂಬೆಯ ರುಚಿ’ ಎನ್ನುವುದರಲ್ಲಿ ನಾಲಿಗೆಗೆ ಸಿಗುವುದು ಹುಳಿ ಮಾತ್ರ, ಉಳಿದದ್ದೆಲ್ಲ ಮೂಗಿನ ಪಾಲು. ಆ ಪರಿಮಳ ಕೊಡುವ ಲಿಮೋನೀನ್, ಸಿಟ್ರಾಲ್ ಎಂಬ ಎಣ್ಣೆಯಂಶಗಳು ಸಿಪ್ಪೆಯ ಹೊರಪದರದ ಸಣ್ಣ ಸಣ್ಣ ಚೀಲಗಳಲ್ಲಿ ಕೂತಿರುತ್ತವೆ. ರಸದಲ್ಲಿ ಇರುವುದು ಬಹುಪಾಲು ನೀರು, ಶೇಕಡಾ 5ರ ಆಸುಪಾಸಿನಲ್ಲಿ ಸಿಟ್ರಿಕ್ ಆಮ್ಲ, ಹಿಂಡುವಾಗ ಸಿಪ್ಪೆಯಿಂದ ಸಿಡಿದು ಸೇರಿದ ಚೂರು ಎಣ್ಣೆ. ಆ ಚೂರೂ ಬೇಯುವಾಗ ಹಬೆಯ ಜೊತೆ ಹೊರಟುಹೋಗುತ್ತದೆ.

ಹೋಗಲಿ, ಹುಳಿಯಾದರೂ ಉಳಿಯುತ್ತದೆಯೇ ಎಂದರೆ ಅದೂ ಪೂರ್ತಿ ಉಳಿಯುವುದಿಲ್ಲ. ಬೇಕಿಂಗ್ ಪೌಡರ್ ಎಂದರೆ ಅಡುಗೆ ಸೋಡಾ, ಅದಕ್ಕೆ ಅಳತೆಯಾಗಿ ಬೆರೆಸಿದ ಒಣ ಆಮ್ಲ, ಒಂದಿಷ್ಟು ಪಿಷ್ಟ. ಒಂದೂವರೆ ಟೀ ಚಮಚ ಪೌಡರ್‌ನಲ್ಲಿ ಸುಮಾರು 2 ಗ್ರಾಂ ಸೋಡಾ ಇರುತ್ತದೆ. ಎರಡು ಟೇಬಲ್ ಚಮಚ, ಅಂದರೆ 30 ಮಿಲಿ ರಸದಲ್ಲಿ ಸುಮಾರು ಒಂದೂವರೆ ಗ್ರಾಂ ಆಮ್ಲ. ಆ 2 ಗ್ರಾಂ ಸೋಡಾವನ್ನು ಮುಗಿಸಲು ಅಷ್ಟೇ ಆಮ್ಲ ಸಾಕು. ಒಣ ಆಮ್ಲದ ಒಂದು ಭಾಗ ಓವನ್‌ನ ಶಾಖಕ್ಕಾಗಿ ಕಾಯುತ್ತದೆ, ನಿಂಬೆರಸ ಕಾಯುವುದಿಲ್ಲ. ಬಟ್ಟಲಲ್ಲೇ ನೊರೆ ಎಬ್ಬಿಸಿ, ಕೇಕನ್ನು ಉಬ್ಬಿಸಬೇಕಾದ ಅನಿಲವನ್ನು ಅಲ್ಲೇ ಖರ್ಚು ಮಾಡುತ್ತದೆ. ನಾಲ್ಕು ಚಮಚ ಹಾಕಿದಾಗ ಓವನ್‌ಗೆ ಹೋಗುವ ಹೊತ್ತಿಗೆ ಸೋಡಾ ಬಹುತೇಕ ಖಾಲಿ, ಆಮ್ಲ ಮಾತ್ರ ಧಾರಾಳ. ಆಮ್ಲ ಹೆಚ್ಚಾದರೆ ಮೊಟ್ಟೆ ಬೇಗ ಗಟ್ಟಿಯಾಗುತ್ತದೆ, ಮೇಲ್ಭಾಗ ಕೆಂಪಾಗದೆ ಬಿಳಿಚಿಕೊಳ್ಳುತ್ತದೆ. ಜೊತೆಗೆ ಎರಡು ಚಮಚ ಹೆಚ್ಚುವರಿ ನೀರು. ನಡು ಅಂಟಂಟಾದದ್ದು ನಿಮ್ಮ ಓವನ್ ಕೆಟ್ಟಿದ್ದರಿಂದಲ್ಲ. ದಯವಿಟ್ಟು ಓವನ್ ಬದಲಿಸಲು ಹೊರಡಬೇಡಿ.

ಇದನ್ನು ಸರಿಮಾಡಲೆಂದು ಇನ್ನಷ್ಟು ಅಡುಗೆ ಸೋಡಾ ಸುರಿಯುವವರೂ ಇದ್ದಾರೆ. ಉಬ್ಬುತ್ತದೆ ನಿಜ, ಉಳಿದಿದ್ದ ಹುಳಿಯೂ ಸತ್ತು ಸಾಬೂನಿನ ರುಚಿ ಬರುತ್ತದೆ. ಬಾಟಲಿಯ ರಸದಿಂದಲೂ ಘಮ ನಿರೀಕ್ಷಿಸಬೇಡಿ.

ಹಾಗಾದರೆ ಸರಿಯಾದ ಕ್ರಮ. 190 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ, 115 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಎರಡು ಮೊಟ್ಟೆ, 120 ಮಿಲಿ ಹಾಲು, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು. ಹಣ್ಣಿಗೆ ಮೇಣ ಸವರಿರಬಹುದು, ಬಿಸಿನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಹಿಂಡುವ ಮೊದಲೇ ತುರಿಯಿರಿ, ಹಿಂಡಿದ ಹೋಳನ್ನು ತುರಿಯುವುದು ಕೈಗೆ ಶಿಕ್ಷೆ. ಸಣ್ಣ ತೂತಿನ ತುರಿಮಣೆಯ ಮೇಲೆ ಒಂದೆಡೆ ಒಮ್ಮೆ ಮಾತ್ರ ಎಳೆಯಿರಿ. ಬಿಳಿ ಪದರ ಕಂಡರೆ ನಿಲ್ಲಿಸಿ, ಅದು ಕಹಿ.

ಇನ್ನು ಎಲ್ಲರೂ ಬಿಟ್ಟುಬಿಡುವ ಹಂತ: ತುರಿಯನ್ನು ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಎರಡು ನಿಮಿಷ ತಿಕ್ಕಿ. ಹರಳುಗಳು ಎಣ್ಣೆಯ ಚೀಲಗಳನ್ನು ಒಡೆಯುತ್ತವೆ, ಸಕ್ಕರೆ ಒದ್ದೆ ಮರಳಿನಂತಾಗಿ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಈ ಎಣ್ಣೆ ಬೆಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಇದೇ ಸಕ್ಕರೆಯನ್ನು ಬೆಣ್ಣೆಯ ಜೊತೆ ನಾಲ್ಕು ನಿಮಿಷ ನೊರೆಯಾಗುವಂತೆ ಕಡೆಯಿರಿ. ಬೆಣ್ಣೆ ಹಿಡಿದಿಟ್ಟ ಘಮ ಬೆಂದ ಮೇಲೂ ಸಾಕಷ್ಟು ಉಳಿಯುತ್ತದೆ. ಬೇಸಿಗೆಯಲ್ಲಿ ಬೆಣ್ಣೆಯನ್ನು ಗಂಟೆಗಟ್ಟಲೆ ಹೊರಗಿಡಬೇಡಿ. ಬೆರಳಿಟ್ಟರೆ ಗುಳಿ ಬೀಳಬೇಕು, ಹೊಳಪು ಬರಬಾರದು. ಎಣ್ಣೆಯಾದ ಬೆಣ್ಣೆ ಗಾಳಿ ಹಿಡಿಯುವುದಿಲ್ಲ.

ಮೊಟ್ಟೆ ಒಂದೊಂದಾಗಿ, ಆಮೇಲೆ ಬೇಕಿಂಗ್ ಪೌಡರ್, ಉಪ್ಪು ಬೆರೆಸಿದ ಮೈದಾ ಮತ್ತು ಹಾಲು ಸರದಿಯಲ್ಲಿ. ಕೊನೆಗೆ ಒಂದೇ ಟೇಬಲ್ ಚಮಚ ರಸ ಬೆರೆಸಿ, ಪೇಪರ್ ಕಪ್‌ಗಳಿಗೆ ಮೂರರಲ್ಲಿ ಎರಡು ಪಾಲು ತುಂಬಿ, ಮೊದಲೇ ಕಾದ 175 ಡಿಗ್ರಿ ಸೆಲ್ಸಿಯಸ್ ಓವನ್‌ಗೆ ತಕ್ಷಣ ಇಡಿ. 18ರಿಂದ 20 ನಿಮಿಷ. ಉಳಿದ ರಸಕ್ಕೆ ಜಾಗ ಇರುವುದು ಈಗ: ಮೂರು ಟೇಬಲ್ ಚಮಚ ರಸಕ್ಕೆ ಅಷ್ಟೇ ಸಕ್ಕರೆ ಹಾಕಿ, ಕುದಿಸದೆ, ಸಕ್ಕರೆ ಕರಗುವಷ್ಟೇ ಬೆಚ್ಚಗೆ ಮಾಡಿ. ಕಪ್‌ಕೇಕ್ ಬಿಸಿಯಿರುವಾಗಲೇ ಟೂತ್‌ಪಿಕ್‌ನಿಂದ ಚುಚ್ಚಿ ಬ್ರಷ್‌ನಲ್ಲಿ ಸವರಿ. ಈ ಹುಳಿಗೆ ಸೋಡಾದ ಕಾಟವಿಲ್ಲ, ಪೂರ್ತಿ ನಾಲಿಗೆಗೆ ಸಿಗುತ್ತದೆ.

ಕಿತ್ತಳೆಗೂ ಇದೇ ಕ್ರಮ, ತುರಿ ಇನ್ನರ್ಧ ಚಮಚ ಹೆಚ್ಚಿರಲಿ. ಕಿತ್ತಳೆ ರಸದಲ್ಲಿ ಹುಳಿ ಕಡಿಮೆಯಾದ್ದರಿಂದ ಸವರುವ ಪಾಕಕ್ಕೆ ಒಂದು ಚಮಚ ನಿಂಬೆರಸ ಸೇರಿಸಿ.

ಇನ್ನು ಮೋಸಂಬಿ. ಯಾರೂ ಕೇಳಿಲ್ಲ, ಆದರೂ ಯಾರಾದರೂ ಮಾಡಿಯೇ ಮಾಡುತ್ತೀರಿ, ಆಮೇಲೆ ‘ಕೇಕ್ ಕಹಿಯಾಯಿತು’ ಎನ್ನುತ್ತೀರಿ. ಬೀಜ ತೆಗೆದಿರುತ್ತೀರಿ, ಬಿಳಿ ಪದರ ಮುಟ್ಟಿರುವುದಿಲ್ಲ, ಆದರೂ ಕಹಿ. ಮೋಸಂಬಿಯ ಅಂಗಾಂಶದಲ್ಲಿ ಕಹಿಯಿಲ್ಲದ ಒಂದು ಪದಾರ್ಥವಿದೆ. ಹಿಂಡಿದಾಗ ಅದು ರಸದ ಹುಳಿಯ ಜೊತೆ ಸೇರಿ ನಿಧಾನವಾಗಿ ಲಿಮೋನಿನ್ ಆಗಿ ಬದಲಾಗುತ್ತದೆ, ಹೆಸರು ಹತ್ತಿರವಾದರೂ ಇದು ಸಿಪ್ಪೆಯ ಪರಿಮಳದ ಲಿಮೋನೀನ್ ಅಲ್ಲ, ಬಲು ಕಹಿ. ಆಗತಾನೇ ಹಿಂಡಿದ ರಸ ಸಿಹಿಯಾಗಿದ್ದು, ಇಟ್ಟ ರಸ ಕಹಿಯಾಗುವುದು ಇದರಿಂದಲೇ. ಬಿಸಿ ತಾಗಿದರೆ ಈ ಬದಲಾವಣೆ ಇನ್ನೂ ಬೇಗ. ತುದಿಯಲ್ಲಿ ಹೊಕ್ಕುಳಿನಂಥ ಗುರುತಿರುವ, ಬೀಜವಿಲ್ಲದ ನೇವಲ್ ಕಿತ್ತಳೆಯ ಕಥೆಯೂ ಇದೇ. ಹಾಗಾಗಿ ಈ ಎರಡು ಹಣ್ಣುಗಳ ರಸವನ್ನು ಹಿಟ್ಟಿಗೂ ಹಾಕಬೇಡಿ, ಬಿಸಿ ಪಾಕಕ್ಕೂ ಬೇಡ. ತುರಿ ಮಾತ್ರ ಬಳಸಿ. ರಸ ಬೇಕೇಬೇಕೆಂದರೆ ಕಪ್‌ಕೇಕ್ ಪೂರ್ತಿ ಆರಿದ ಮೇಲೆ, 120 ಗ್ರಾಂ ಐಸಿಂಗ್ ಸಕ್ಕರೆಗೆ ಆಗಷ್ಟೇ ಹಿಂಡಿದ ನಾಲ್ಕು ಟೀ ಚಮಚ ರಸ ಕಲಸಿ ಮೇಲೆ ಸುರಿದು, ಅವತ್ತೇ ತಿಂದು ಮುಗಿಸಿ.