ಟಲ್ಸಾದ ಬೆಂಕಿ, ನಮ್ಮೂರ ಉತಾರ: ಜನಾಂಗೀಯ ಹಿಂಸೆಯ ಪಾಠಕ್ಕೊಂದು ಟಿಪ್ಪಣಿ

ಪರೀಕ್ಷೆಯ ಮಾನವ ಹಕ್ಕುಗಳ ಪತ್ರಿಕೆಗೆ, 1921ರಲ್ಲಿ ಅಮೆರಿಕದ ಟಲ್ಸಾದಲ್ಲಿ ಬಿಳಿಯರು ಕಪ್ಪು ಜನರ ಬಡಾವಣೆ ಸುಟ್ಟ ಪಾಠ ಓದುತ್ತಿದ್ದಾಗ ಬಾಗಲಕೋಟೆ ನವನಗರದ ನಮ್ಮ ಗುಂಪಿನಲ್ಲಿ ಗೆಳೆಯನೊಬ್ಬ ಕೇಳಿದ: "ಅಲ್ಲೋ, ನೂರು ವರ್ಷದ ಹಿಂದ ಯಾರೋ ಯಾರದೋ ಮನಿ ಸುಟ್ರು. ಈಗಿನವ್ರು ಬಡವ್ರಿದ್ರ ಅದಕ್ಕೂ ಇದಕ್ಕೂ ಏನ್ ಸಂಬಂಧ? ಈಗಿನವ್ರು ಯಾಕ ರೊಕ್ಕ ಕೊಡಬೇಕು?" ಗೈಡುಗಳಲ್ಲಿ ಇದಕ್ಕೆ "ಐತಿಹಾಸಿಕ ಅನ್ಯಾಯದ ಮುಂದುವರಿಕೆ" ಎಂಬ ಒಂದು ಸಾಲು ಇರುತ್ತದೆ. ಬಾಯಿಪಾಠ ಮಾಡಿದರೆ ಅಂಕ ಬಂದೀತು, ಅವನಿಗೆ ಉತ್ತರ ಸಿಗುವುದಿಲ್ಲ. ಅದಕ್ಕೇ ಈ ಟಿಪ್ಪಣಿ.

ಇದನ್ನು ತಿಳಿಯಲು ನಮ್ಮ ಕಡೆಯವರಿಗೊಂದು ಅನುಕೂಲವಿದೆ. ಮುಳುಗಡೆ ಕಂಡವರು ನಾವು. ಆಲಮಟ್ಟಿ ಹಿನ್ನೀರಿಗೆ ಹೊಲ ಹೋದಾಗ ಹೊಲದ ಪರಿಹಾರ ಬಂದದ್ದು ಉತಾರದಲ್ಲಿ (ಹೊಲದ ಮಾಲೀಕತ್ವದ ದಾಖಲೆ) ಹೆಸರಿದ್ದವರಿಗೆ. ಅದೇ ಹೊಲದಲ್ಲಿ ವರ್ಷಗಟ್ಟಲೆ ಕೂಲಿ ಮಾಡಿದವರ ಕೈಯಲ್ಲಿ ತೋರಿಸಲು ಏನಿತ್ತು? ಅಣೆಕಟ್ಟು ಜನಾಂಗೀಯ ಹಿಂಸೆಯಲ್ಲ, ಎರಡನ್ನೂ ಒಂದೇ ಎಂದು ಉತ್ತರಪತ್ರಿಕೆಯಲ್ಲಿ ಬರೆದೀರಿ, ಜೋಕೆ. ಆದರೆ ಕಳೆದುಕೊಳ್ಳುವುದು ಬೇರೆ, ಕಳೆದುಕೊಂಡೆ ಎಂದು ಕಾಗದದ ಮೇಲೆ ತೋರಿಸುವುದು ಬೇರೆ ಎಂಬುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಇಡೀ ಪಾಠವನ್ನು ಈ ಕಣ್ಣಿನಿಂದ ಓದಿ ನೋಡಿ.

ಟಲ್ಸಾ ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ತೈಲದ ಹಣದಿಂದ ಬೆಳೆದ ಊರು. ಅಲ್ಲಿನ ಗ್ರೀನ್‌ವುಡ್ ಕಪ್ಪು ಜನರ ಬಡಾವಣೆ: ಸ್ವಂತ ಹೋಟೆಲು, ಥಿಯೇಟರು, ಅಂಗಡಿ ಸಾಲು, ವೈದ್ಯರು, ವಕೀಲರು. 1921ರ ಮೇ 30ರಂದು ಡಿಕ್ ರೋಲ್ಯಾಂಡ್ ಎಂಬ, ಬೂಟ್ ಪಾಲಿಶ್ ಮಾಡುವ 19ರ ಹುಡುಗ ಲಿಫ್ಟಿನಲ್ಲಿ ಬಿಳಿಯ ಹುಡುಗಿಯ ಮೇಲೆ ಕೈಹಾಕಿದ ಎಂಬ ಆರೋಪ ಬಂತು. ಆ ಕೇಸು ಮುಂದೆ ಬಿದ್ದೇಹೋಯಿತು. ಆದರೆ ಮರುದಿನವೇ ಅವನನ್ನು ಇಟ್ಟಿದ್ದ ಕೋರ್ಟಿನ ಮುಂದೆ ಬಿಳಿಯರ ಗುಂಪು ಸೇರಿತ್ತು. ಆ ರಾತ್ರಿಯಿಂದ ಜೂನ್ 1ರ ಹೊತ್ತಿಗೆ, ಬಿಳಿಯರು ಇಟ್ಟ ಬೆಂಕಿಗೆ ಗ್ರೀನ್‌ವುಡ್ಡಿನ ಸುಮಾರು 35 ಬ್ಲಾಕುಗಳು ಬೂದಿ. ರೆಡ್‌ಕ್ರಾಸ್ ಲೆಕ್ಕದಲ್ಲಿ ಸುಟ್ಟ ಮನೆಗಳೇ 1,256. ಸತ್ತವರು 300ರವರೆಗೂ ಇರಬಹುದೆಂದು ಇತಿಹಾಸಕಾರರ ಅಂದಾಜು.

ಬಹಳ ಮಂದಿ ಇಲ್ಲಿಗೆ ಪುಟ ತಿರುವುತ್ತಾರೆ. ಅಸಲು ಪಾಠ ಇಲ್ಲಿಂದ ಮುಂದೆ.

ಬದುಕುಳಿದ ಸಾವಿರಾರು ಜನರನ್ನು ಸಭಾಭವನದಲ್ಲಿ, ಮೈದಾನಗಳಲ್ಲಿ ಕೂಡಿಹಾಕಿದರು. ಬಿಳಿಯ ಯಜಮಾನನೊಬ್ಬ ಬಂದು "ಇವ ನನ್ನ ಆಳು" ಎಂದು ಜವಾಬ್ದಾರಿ ಹೊತ್ತರೆ ಬಿಡುಗಡೆ. ಮನೆ ಕಳೆದುಕೊಂಡವರು ವಿಮೆ ಕೇಳಲು ಹೋದರು. ಪಾಲಿಸಿಯಲ್ಲಿ ಒಂದು ಷರತ್ತಿತ್ತು: ಗಲಭೆಯಿಂದಾದ ನಷ್ಟಕ್ಕೆ ಹಣವಿಲ್ಲ. ಈ ಒಂದು ಪದದ ಮೇಲೆ ಕಂಪನಿಗಳು ಕೈತೊಳೆದುಕೊಂಡವು. ನಾವು ಕನ್ನಡದಲ್ಲಿ ಸುಲಭವಾಗಿ "ಟಲ್ಸಾ ಗಲಭೆ" ಎಂದು ಬರೆದುಬಿಡುತ್ತೇವೆ. ಗಲಭೆ ಎಂದರೆ ಎರಡೂ ಕಡೆಯವರು ಹೊಡೆದಾಡಿದರು ಎಂಬ ಅರ್ಥ ಹೊರಡುತ್ತದೆ. "ಹತ್ಯಾಕಾಂಡ" ಎಂದೇ ಬರೆಯಿರಿ. ಪದದ ಆಯ್ಕೆ ಇಲ್ಲಿ ಭಾಷೆಯ ಸೊಗಸಿನ ಮಾತಲ್ಲ, ಅದರಿಂದ ಜನ ಹಣ ಕಳೆದುಕೊಂಡಿದ್ದಾರೆ.

ಇಷ್ಟು ಸಾಲದೆಂಬಂತೆ ನಗರಾಡಳಿತ ಹೊಸ ನಿಯಮ ತಂದಿತು: ಕಟ್ಟುವುದಾದರೆ ಬೆಂಕಿ ಹತ್ತದ ಸಾಮಾನಿನಿಂದಲೇ ಕಟ್ಟಬೇಕು. ಉಟ್ಟ ಬಟ್ಟೆಯಲ್ಲಿ ನಿಂತವರು ಅದನ್ನೆಲ್ಲಿಂದ ತಂದಾರು? ಬಿ.ಸಿ. ಫ್ರಾಂಕ್ಲಿನ್ ಎಂಬ ಕಪ್ಪು ವಕೀಲರು ಡೇರೆಯಲ್ಲೇ ಕಚೇರಿ ತೆರೆದು ಕೋರ್ಟಿನಲ್ಲಿ ಆ ನಿಯಮವನ್ನು ಬೀಳಿಸಿದರು. ಜನ ಗ್ರೀನ್‌ವುಡ್ಡನ್ನು ಮತ್ತೆ ಕಟ್ಟಿದರು (ಈ ಭಾಗವನ್ನು ಪಠ್ಯಗಳು ಯಾಕೋ ಬಿಟ್ಟುಬಿಡುತ್ತವೆ). ಕೆಲವು ದಶಕಗಳ ನಂತರ ಅದರ ನಡುವೆಯೇ ಹೆದ್ದಾರಿ ಹಾಯಿತು. ಬೆಂಕಿ ಇಟ್ಟವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಬದುಕಿದ್ದ ಕೊನೆಯ ಸಂತ್ರಸ್ತರು, ನೂರು ದಾಟಿದ ಅಜ್ಜಿಯರು, ಹಾಕಿದ್ದ ದಾವೆಯನ್ನು ಒಕ್ಲಹೋಮದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ವಜಾ ಮಾಡಿತು.

ಈಗ ಅಸಮಾನತೆಯ ಲೆಕ್ಕ. ಪಗಾರ ಬೇರೆ, ಆಸ್ತಿ ಬೇರೆ. ಪಗಾರ ಈ ತಿಂಗಳದ್ದು. ಆಸ್ತಿಯಲ್ಲಿ ಅಜ್ಜನ ಕಾಲದ್ದೂ ಸೇರಿರುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ಬಿಳಿಯ ಕುಟುಂಬಗಳನ್ನು ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸಾಲಿನ ನಟ್ಟನಡುವಿನ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್. ಕಪ್ಪು ಕುಟುಂಬಗಳ ಸಾಲಿನಲ್ಲಿ ಸುಮಾರು 44,900. ಇದಕ್ಕೆಲ್ಲ ಟಲ್ಸಾ ಒಂದೇ ಕಾರಣ ಎಂದರೆ ತಪ್ಪು. 1930ರ ದಶಕದಲ್ಲಿ ಸರಕಾರಿ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿ, ಕಪ್ಪು ಜನರಿದ್ದ ಓಣಿಗಳಿಗೆ ಸಾಲ ಕೊಡಲು ಅಪಾಯದ ಜಾಗವೆಂದು ಕೆಂಪು ಬಳಿಯಿತು. ಅಂಥ ಕಡೆ ಮನೆಸಾಲ ಹುಟ್ಟುವುದೇ ಕಷ್ಟ. ಸಾಲವಿಲ್ಲದೆ ಮನೆಯಿಲ್ಲ, ಮನೆಯಿಲ್ಲದೆ ಮಕ್ಕಳಿಗೆ ಬಿಟ್ಟುಹೋಗಲು ಏನೂ ಇಲ್ಲ. ಮನೆ ವ್ಯವಹಾರದಲ್ಲಿ ಭೇದಭಾವ ನಿಷೇಧಿಸುವ ಕಾಯ್ದೆ ಬಂದದ್ದು 1968ರಲ್ಲಿ. ಆ ಕೆಂಪು ಓಣಿಗಳಲ್ಲಿ ಇವತ್ತಿಗೂ ಗಿಡಮರ ಕಡಿಮೆ, ಬೇಸಿಗೆಯ ಬಿಸಿ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಏಪ್ರಿಲ್‌ನಲ್ಲಿ ಬಾಗಲಕೋಟೆಯಲ್ಲಿ ಕೂತು ಓದುವವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಗೆಳೆಯನ ಎರಡನೇ ಪ್ರಶ್ನೆ, ಈಗಿನವರು ಯಾಕೆ ಕೊಡಬೇಕು? ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಗುಲಾಮರಿಗಲ್ಲ, "ಆಸ್ತಿ" ಕಳೆದುಕೊಂಡ ಮಾಲೀಕರಿಗೆ! ಅದಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಹಳೆಯದರ ಬಾಕಿಯನ್ನು ಈಗಿನ ತೆರಿಗೆದಾರರು ಆಗಲೇ ಕಟ್ಟಿದ್ದಾರೆ, ಹೋದದ್ದು ಬೇರೆಯವರ ಲೆಕ್ಕಕ್ಕೆ. ಸರಿಯಾದ ಕಡೆ ಹೋದ ಉದಾಹರಣೆಯೂ ಇದೆ: 1923ರಲ್ಲಿ ನಾಶವಾದ ರೋಸ್‌ವುಡ್ ಎಂಬ ಕಪ್ಪು ಜನರ ಹಳ್ಳಿಗಾಗಿ ಫ್ಲಾರಿಡಾ ರಾಜ್ಯ 1994ರಲ್ಲಿ ಸುಮಾರು 21 ಲಕ್ಷ ಡಾಲರ್ ಪರಿಹಾರದ ಕಾಯ್ದೆ ಮಾಡಿತು.

ಇದೆಲ್ಲ ದೂರದ ಕತೆ ಎನ್ನುವವರು ಪಕ್ಕದ ವಿಜಯಪುರಕ್ಕೆ ಹೋಗಿ. 1871ರ ಕಾಯ್ದೆಯಿಂದ ಬ್ರಿಟಿಷರು ಕೆಲವು ಸಮುದಾಯಗಳನ್ನೇ "ಅಪರಾಧಿ ಬುಡಕಟ್ಟು" ಎಂದು ಪಟ್ಟಿ ಮಾಡಲು ತೊಡಗಿದರು. ಕಳ್ಳತನ ರಕ್ತದಲ್ಲಿ ಬರುತ್ತದೆ ಎಂಬ ನಂಬಿಕೆ ಅದರ ಬುಡ. ಮುಂಬಯಿ ಪ್ರಾಂತದಲ್ಲಿ ಅಂಥವರನ್ನು ಕೂಡಿಡಲು ವಿಜಯಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟ್‌ಗಳಾದವು. ದಿನದ ಹಾಜರಿ, ಹೊರಗೆ ಹೋಗಲು ಪಾಸು. ಹುಬ್ಬಳ್ಳಿಯಲ್ಲಿ ಆ ಪದ ಓಣಿಯ ಹೆಸರಾಗಿಯೇ ಉಳಿದಿದೆ. 1952ರ ಆಗಸ್ಟ್ 31ರಂದು ದೇಶದಲ್ಲಿ ಕಾಯ್ದೆ ರದ್ದಾಯಿತು. ಆದರೆ "ರೂಢಿಗತ ಅಪರಾಧಿ" ಎಂಬ ಹೆಸರಿನ ಕಾಯ್ದೆಗಳು ಆ ಜಾಗಕ್ಕೆ ಬಂದವು. ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ 2007ರಲ್ಲಿ ಅವನ್ನು ತೆಗೆಯಿರಿ ಎಂದು ಭಾರತಕ್ಕೆ ಹೇಳಿತು. ಜೈಲು ಕೈಪಿಡಿಗಳಲ್ಲಿದ್ದ ಜಾತಿಯಾಧಾರಿತ ಕೆಲಸ ಹಂಚಿಕೆಯನ್ನೂ ಈ ಸಮುದಾಯಗಳ ಬಗೆಗಿನ ಹಳೆಯ ಮಾತುಗಳನ್ನೂ ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. ಟಲ್ಸಾದ ಪಾಲಿಸಿಯಲ್ಲಿ "ಗಲಭೆ" ಎಂಬ ಪದ ಮಾಡಿದ ಕೆಲಸವನ್ನು ಇಲ್ಲಿ "ರೂಢಿಗತ" ಎಂಬ ಪದ ಮಾಡಿತು.

ಜಾತಿ ಮತ್ತು ಜನಾಂಗ ಒಂದೇ ಅಲ್ಲ ಎಂದು ಭಾರತ ಸರಕಾರ ವಿಶ್ವಸಂಸ್ಥೆಯಲ್ಲಿ ವಾದಿಸುತ್ತ ಬಂದಿದೆ. ಜನಾಂಗೀಯ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದದಲ್ಲಿರುವ "ವಂಶ" ಎಂಬ ಪದದಲ್ಲಿ ಜಾತಿಯೂ ಬರುತ್ತದೆ ಎಂಬುದು ಸಮಿತಿಯ ನಿಲುವು. ಎರಡನ್ನೂ ಬರೆಯಿರಿ. ನನಗೆ ಸಮಿತಿಯ ಮಾತೇ ಸರಿ ಕಾಣುತ್ತದೆ. 1946ರಲ್ಲಿ ಅಂಬೇಡ್ಕರರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಅಸ್ಪೃಶ್ಯರ ಸ್ಥಿತಿಗೂ ಅವರ ಸ್ಥಿತಿಗೂ ಇರುವ ಹೋಲಿಕೆಯನ್ನು ಅದರಲ್ಲೇ ಹೇಳಿದ್ದರು.

ಹತ್ತು ಅಂಕದ ಪ್ರಶ್ನೆಗೆ ಟಲ್ಸಾ, ಕೆಂಪು ನಕ್ಷೆ, ಸೆಟ್ಲಮೆಂಟ್, ಈ ಮೂರು ಸಾಕು. ಎರಡು ಅಂಕಕ್ಕೆ ತಾರೀಖು ಕೇಳುತ್ತಾರೆ. ಜನಾಂಗೀಯ ತಾರತಮ್ಯದ ವಿರುದ್ಧದ ಒಪ್ಪಂದ ಅಂಗೀಕಾರವಾದದ್ದು 1965ರ ಡಿಸೆಂಬರ್ 21. ಮಾರ್ಚ್ 21 ಅದೇ ತಾರತಮ್ಯದ ನಿರ್ಮೂಲನೆಯ ಅಂತರರಾಷ್ಟ್ರೀಯ ದಿನ, 1960ರಲ್ಲಿ ದಕ್ಷಿಣ ಆಫ್ರಿಕದ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಸತ್ತ ದಿನ. ಎರಡೂ 21 ಆದ್ದರಿಂದ ಹೋದ ಸಲ ನಾನು ಅದಲು ಬದಲು ಬರೆದು ಬಂದೆ.